ಪಟ್ಟಿಯಲ್ಲಿದ್ದ ನಾಲ್ಕನೇ ಹೆಸರು

ಲಾಯಜ್ಜಿ ಮೀನು ಕೊಳ್ಳುವುದನ್ನು ಒಮ್ಮೆ ನೋಡಬೇಕು. ಕಿವಿರು ಎತ್ತಿ ಮೂಸುತ್ತಾಳೆ, ಹೊಟ್ಟೆ ಒತ್ತುತ್ತಾಳೆ, ಆಮೇಲೆ ತಲೆಯೆತ್ತಿ ಮಾರುವವಳ ಮುಖವನ್ನೂ ಅಷ್ಟೇ ಹೊತ್ತು ನೋಡುತ್ತಾಳೆ. ಮುಖ ಸರಿ ಕಾಣಲಿಲ್ಲವೋ, ಮೀನು ಬದುಕಿ ಒದ್ದಾಡುತ್ತಿದ್ದರೂ ಬುಟ್ಟಿಗೆ ವಾಪಸು. ಕರೆಂಟಿನ ಮೀಟರ್ ನೋಡಲು ಹನ್ನೆರಡು ವರ್ಷದಿಂದ ಅದೇ ಮನುಷ್ಯ ಬರುತ್ತಾನೆ. ಅವನಿಗೂ ಪ್ರತಿ ತಿಂಗಳು, "ಕಾರ್ಡ್ ತೋರ್ಸಪ್ಪಾ, ಆಮೇಲೆ ಒಳಗೆ ಕಾಲಿಡು" ಎನ್ನುತ್ತಾಳೆ. ಸೈಗಾನಿನ ಗೋವಾಪ್ ಕಡೆಯ ನಮ್ಮ ಗಲ್ಲಿಯಲ್ಲಿ ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೂವತ್ತು ವರ್ಷ ಗಲ್ಲಿಯ ಬಾಯಲ್ಲಿ ಕೂತು, ಬಾಳೆಲೆಯಲ್ಲಿ ಅಂಟಕ್ಕಿ ಅನ್ನ ಕಟ್ಟಿ ಮಾರಿದವಳು. ಆ ಅನ್ನ ತಿಂದೇ ನಾವೆಲ್ಲ ಶಾಲೆಗೆ ಹೋದದ್ದು.

ಈ ಅನುಮಾನ ಅವಳ ಹುಟ್ಟುಗುಣವಲ್ಲ. ಎಂಬತ್ತೊಂಬತ್ತನೇ ಇಸವಿಯಲ್ಲಿ ಅವಳೂ ಅವಳ ಗಂಡ ವಿನ್ ಕೂಡ ಈ ಅರವತ್ತು ಚದರ ಮೀಟರ್ ಜಾಗವನ್ನು ಕೈಬರಹದ ಚೀಟಿಯ ಮೇಲೆ ಕೊಂಡರು. ಆಗ ಎಲ್ಲರೂ ಕೊಳ್ಳುತ್ತಿದ್ದದ್ದೇ ಹಾಗೆ. ನೋಟುಬುಕ್ಕಿನ ಹಾಳೆ ಹರಿದು ನಾಲ್ಕು ಸಾಲು, ಅಕ್ಕಪಕ್ಕದ ಇಬ್ಬರ ಸಾಕ್ಷಿ, ಹೆಬ್ಬೆಟ್ಟು, ಒಂದು ಸುತ್ತು ಟೀ, ಮುಗಿಯಿತು. ಮಾರಿದ ಪುಣ್ಯಾತ್ಮ ಅದೇ ಜಾಗವನ್ನು ಅದೇ ವಾರ ಇನ್ನಿಬ್ಬರಿಗೂ ಮಾರಿದ್ದ! ಮೂರೂ ಮನೆಯವರು ಒಂದೇ ಬೆಳಿಗ್ಗೆ ಇಟ್ಟಿಗೆ ತಂದು ಇಳಿಸಿದಾಗಲೇ ಅದು ಗೊತ್ತಾದದ್ದು. ವಿನ್ ಮೆತ್ತಗಿನ ಮನುಷ್ಯ, "ಹೋಗ್ಲಿ ಬಿಡೇ, ಬೇರೆ ಕಡೆ ನೋಡೋಣ" ಎಂದ. ಅವಳು ಬಿಡಲಿಲ್ಲ. ಟಾರ್ಪಾಲು ಕಟ್ಟಿ, ಎಂಟು ವರ್ಷದ ಮಗಳು ಸೆನ್‌ಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಎರಡು ತಿಂಗಳು ಆ ಜಾಗದಿಂದ ಏಳಲಿಲ್ಲ. ಸುರಿಯುವ ಮಳೆಯಲ್ಲೂ ಅಲ್ಲೇ ಒಲೆ ಹಚ್ಚಿದಳು. ಉಳಿದಿಬ್ಬರು ಬೇಸತ್ತು ಇಟ್ಟಿಗೆ ವಾಪಸು ಒಯ್ದರು. ಅಂದಿನಿಂದ ಅವಳು ಯಾರ ಬಾಯಿಮಾತನ್ನೂ ನಂಬಿದವಳಲ್ಲ, ಕಾಗದವನ್ನಂತೂ ಮೊದಲೇ ಇಲ್ಲ.

ಎರಡು ಸಾವಿರದನೇ ಇಸವಿಯಲ್ಲಿ ಸರ್ಕಾರ ಅವಳಿಗೆ ಹಕ್ಕುಪತ್ರ ಕೊಟ್ಟಿತು. ಕೆಂಪು ರಟ್ಟಿನದಾದ್ದರಿಂದ ನಾವು ಅದನ್ನು ಕೆಂಪು ಪುಸ್ತಕ ಎನ್ನುತ್ತೇವೆ. ಒಳಗೆ 'ಶ್ರೀಮತಿ ಲಾಯ್ ಅವರ ಕುಟುಂಬ' ಎಂದು ಬರೆದಿತ್ತು. ತನ್ನ ಹೆಸರು ಕಂಡ ಖುಷಿಯಲ್ಲಿ ಅವಳು ಕೊನೆಯ ಪದದ ಮೇಲೆ ಕಣ್ಣು ಹಾಯಿಸಲೇ ಇಲ್ಲ. ಮೀನಿನ ಕಿವಿರು ಎತ್ತಿ ನೋಡುವವಳಿಗೆ ಅದೊಂದು ಪದ ತಪ್ಪಿಹೋಯಿತು ನೋಡಿ.

ಈಗ ಅವಳಿಗೆ ಎಪ್ಪತ್ತೊಂದು. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಎರಡು ಸಲ ಹೇಳಿಯಾಗಿದೆ. ಸೆನ್‌ಗೆ ನಲವತ್ನಾಲ್ಕು. ಪೋಲಿಯೋ ಬಂದು ಎಡಗಾಲು ಸಣಕಲು, ಮದುವೆಯಿಲ್ಲ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಆ ಕೋಣೆ ಇದ್ದರೆ ಅವಳಿಗೆ ಅನ್ನ. ತಾನು ಕಣ್ಣು ಮುಚ್ಚುವ ಮುಂಚೆ ಮನೆ ಮಗಳ ಹೆಸರಿಗೆ ಆಗಿಬಿಡಬೇಕು, ಲಾಯಜ್ಜಿಗೆ ಬೇಕಾದದ್ದು ಇದೊಂದೇ. ಕೆಂಪು ಪುಸ್ತಕವನ್ನು ರವಿಕೆಯೊಳಗೆ ಇಟ್ಟುಕೊಂಡು ಅವಳು ನೋಟರಿ ಕಚೇರಿಗೆ ಹೋದಳು.

ನೋಟರಿ ಕನ್ನಡಕದ ಚಿಕ್ಕ ವಯಸ್ಸಿನ ಹೆಂಗಸು. ಪುಸ್ತಕ ತಿರುವಿ ಹೇಳಿದಳು, "ಅಜ್ಜಿ, ಇಲ್ಲಿ 'ಕುಟುಂಬ' ಅಂತ ಇದೆ."

"ಹೌದು, ನನ್ನ ಕುಟುಂಬ. ಇನ್ಯಾರ್ದು, ನಿಮ್ಮದಾ?"

"ಕೋಪ ಮಾಡ್ಕೋಬೇಡಿ. ಹೋದ ವರ್ಷ ಹೊಸ ಜಮೀನು ಕಾನೂನು ಬಂತಲ್ಲ, ಇನ್ಮೇಲೆ ಬರೀ ಕುಟುಂಬ ಅಂದ್ರೆ ನಡೆಯಲ್ಲ. ಈ ಪುಸ್ತಕ ಕೊಟ್ಟ ದಿನ ಮನೇಲಿ ಯಾರ್ಯಾರಿಗೆ ಹಕ್ಕಿತ್ತು, ಒಬ್ಬೊಬ್ಬರ ಹೆಸರೂ ಬೇಕು. ಅಷ್ಟೂ ಜನ ಬಂದು ಸಹಿ ಹಾಕ್ಬೇಕು."

ಆ ದಿನ ಮನೆಯಲ್ಲಿ ಯಾರಿದ್ದರು ಎನ್ನುವುದಕ್ಕೆ ಪೊಲೀಸ್ ಠಾಣೆಯ ಮನೆಮಂದಿಯ ಪಟ್ಟಿಯೇ ಆಧಾರ. ಹಿಂದೆ ಅದಕ್ಕೊಂದು ಪುಸ್ತಕವಿರುತ್ತಿತ್ತು, ಈಗ ಪುಸ್ತಕ ಹೋಗಿ ಎಲ್ಲ ಕಂಪ್ಯೂಟರಿನಲ್ಲಿದೆ. ಲಾಯಜ್ಜಿ ಠಾಣೆಗೆ ಅಲೆದು ಪಟ್ಟಿ ತೆಗೆಸಿ ತಂದಳು. ಲಾಯ್, ಗಂಡ ವಿನ್, ಮಗಳು ಸೆನ್. ನಾಲ್ಕನೆಯದು, 'ಲುವಾ, ಅಕ್ಕನ ಮಗಳು'.

ಲಾಯಜ್ಜಿ ಆ ಪಟ್ಟಿಯನ್ನು ಮತ್ತೆ ನೋಟರಿಯ ಮೇಜಿನ ಮೇಲಿಟ್ಟಳು.

"ನಿಮ್ಮ ಯಜಮಾನರ ಪಾಲು ನಿಮ್ಮಿಬ್ಬರಿಗೇ ಬರತ್ತೆ, ಅದೇನು ಕಷ್ಟ ಇಲ್ಲ," ಎಂದಳು ನೋಟರಿ. "ಈ ಲುವಾ ಯಾರು?"

"ಅಯ್ಯೋ, ಅದು ಸುಮ್ನೆ ಹೆಸರು ಸೇರ್ಸಿದ್ದು ಕಣಮ್ಮಾ! ಅಕ್ಕನ ಮಗಳೂ ಅಲ್ಲ, ಯಾರೂ ಅಲ್ಲ. ಸ್ಕೂಲಿಗೆ ಅಂತ."

ಇದು ಸುಳ್ಳಲ್ಲ. ಆ ಕಾಲದಲ್ಲಿ ನಗರದ ಯಾವುದಾದರೂ ಮನೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಗುವಿಗೆ ಇಲ್ಲಿನ ಶಾಲೆಯಲ್ಲಿ ಜಾಗವಿರಲಿಲ್ಲ. ಹಳ್ಳಿಯಿಂದ ಬಂದವರು ಬೇಡಿಕೊಂಡರೆ ನಾವೆಲ್ಲ 'ಅಣ್ಣನ ಮಗ', 'ಅಕ್ಕನ ಮಗಳು' ಎಂದು ಬರೆಸಿಕೊಡುತ್ತಿದ್ದೆವು. ನಮ್ಮ ಮನೆಯ ಪುಸ್ತಕದಲ್ಲಿ ಒಂದು ಕಾಲಕ್ಕೆ ಹನ್ನೊಂದು ಜನರಿದ್ದರು, ಮನೆಯಲ್ಲಿ ಉಣ್ಣುತ್ತಿದ್ದದ್ದು ಐದೇ ಜನ. ಉಪಕಾರವೆಂದು ಬರೆಸಿದ ಆ ಹೆಸರುಗಳೆಲ್ಲ ಇಪ್ಪತ್ತೈದು ವರ್ಷ ಕಳೆದ ಮೇಲೆ ಪಾಲು ಕೇಳಲು ಎದ್ದು ಬರುತ್ತವೆ ಎಂದು ಯಾರಿಗೆ ಗೊತ್ತಿತ್ತು?

ನೋಟರಿ ಬೆರಳು ಮಡಿಸಿ ಹೇಳಿದಳು, "ರಕ್ತಸಂಬಂಧ, ಮದುವೆ ಸಂಬಂಧ, ಇಲ್ಲಾ ಸಾಕಿ ಬೆಳೆಸಿದ ಸಂಬಂಧ. ಇದ್ರಲ್ಲಿ ಒಂದಿದ್ದು, ಆಗ ಜೊತೇಲೇ ವಾಸ ಇದ್ರೆ ಅವರಿಗೂ ಹಕ್ಕಿದೆ. ಇಲ್ಲ ಅಂದ್ರೆ ಅವರೇ ಬಂದು ಇಲ್ಲ ಅಂತ ಬರ್ಕೊಡ್ಲಿ. ಹತ್ತು ನಿಮಿಷದ ಕೆಲಸ ಅಜ್ಜಿ."

ಹತ್ತು ನಿಮಿಷದ ಕೆಲಸವಂತೆ!

ಗಲ್ಲಿಯ ಕಾಫಿ ಅಂಗಡಿಯಲ್ಲಿ ಕೂರುವ ತೊಂಗ್ ಜಾಗದ ದಲ್ಲಾಳಿ. ದಲ್ಲಾಳಿಗಳನ್ನು ನಮ್ಮ ಕಡೆ ಕೊಕ್ಕರೆ ಎಂದೇ ಕರೆಯುವುದು, ನೀರಲ್ಲಿ ಒಂಟಿ ಕಾಲಲ್ಲಿ ನಿಂತು ಕಾಯುತ್ತಾರೆಂದು. ಮೂವತ್ತು ವರ್ಷ ಚಡ್ಡಿ ಬನಿಯನ್ನಿನಲ್ಲೇ ಅರ್ಧ ಗಲ್ಲಿ ಮಾರಿದ ಈ ಕೊಕ್ಕರೆ ಹೊಸ ಕಾನೂನಿನ ದೆಸೆಯಿಂದ ಪರೀಕ್ಷೆ ಬರೆದು, ಯಾವುದೋ ಕಂಪನಿ ಸೇರಿ, ಕೊರಳಿಗೆ ಕಾರ್ಡು ನೇತುಹಾಕಿಕೊಂಡಿದ್ದ. ಲಾಯಜ್ಜಿ ಮೊದಲು ಆ ಕಾರ್ಡನ್ನು ಹಿಡಿದು ಎರಡೂ ಕಡೆ ನೋಡಿದಳು, ಆಮೇಲೆ ವಿಷಯ ಹೇಳಿದಳು.

"ಅಕ್ಕಾ, ಅವಳು ಬಂದು ಸುಮ್ನೆ ಸಹಿ ಹಾಕಿ ಹೋಗ್ತಾಳೆ ಅಂದ್ಕೊಂಡ್ರಾ?" ತೊಂಗ್ ಲೋಟದ ಐಸು ಅಲ್ಲಾಡಿಸುತ್ತ ನಕ್ಕ. "ಗೋವಾಪ್‌ನಲ್ಲಿ ಈಗ ಅಂಗೈಯಗಲ ಜಾಗಕ್ಕೂ ಜನ ಕಚ್ಚಾಡ್ತಾರೆ. ನಾಲ್ಕರಲ್ಲಿ ಒಂದು ಪಾಲು ಕೇಳ್ತಾಳೆ, ಬರೆದಿಟ್ಕೊಳ್ಳಿ."

"ಕೇಳ್ತಾಳಾ?"

"ನಾನಾಗಿದ್ರೆ ಕೇಳ್ತಿದ್ದೆ. ನೀವು ಜಾಸ್ತಿ ಮಾತಾಡೋಕೆ ಹೋಗ್ಬೇಡಿ. 'ಒಂದು ದಿನಾನೂ ಇರ್ಲಿಲ್ಲ', ಈ ಒಂದು ಮಾತು ಹಿಡ್ಕೊಳ್ಳಿ, ಸಾಕು."

"ಇದೆಲ್ಲ ಹೇಳ್ಕೊಟ್ರೆ ನಿನಗೇನೋ ಸಿಗತ್ತೆ?"

"ಅಯ್ಯೋ ಅಕ್ಕಾ, ನಿಮ್ಮ ಅನ್ನ ತಿಂದ ಋಣ!"

ಅವನನ್ನೂ ಅವಳು ನಂಬಲಿಲ್ಲ. ಆದರೆ ಆ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಇಲ್ಲಿ ನಿಜ ಏನೆಂದು ಹೇಳದಿದ್ದರೆ ತಪ್ಪಾಗುತ್ತದೆ. ಲುವಾ ಒಂದು ದಿನವಲ್ಲ, ನಾಲ್ಕು ವರ್ಷ ಆ ಮನೆಯಲ್ಲಿದ್ದಳು. ಅವಳ ತಾಯಿ ಕಾಯ್ ಬೆ ಎಂಬ ಊರಿನ ಕಡೆಯಿಂದ ಬಂದು ಲಾಯಜ್ಜಿಯ ಪಕ್ಕದಲ್ಲೇ ಕಬ್ಬಿನ ಹಾಲು ಮಾರುತ್ತಿದ್ದಳು. ಹುಡುಗಿಯ ಹೆಸರನ್ನು ವಿನ್ ಮನೆಯ ಪಟ್ಟಿಗೆ ಸೇರಿಸಿದ, ಹುಡುಗಿ ಶಾಲೆಗೂ ಸೇರಿದಳು. ಅಷ್ಟರಲ್ಲಿ ತಾಯಿ ಯಾವನೋ ದೋಣಿಯವನನ್ನು ಕಟ್ಟಿಕೊಂಡು ಹೊರಟುಹೋದಳು. ಹದಿಮೂರರ ಹುಡುಗಿ ಅಲ್ಲೇ ಉಳಿದಳು. ಅಡುಗೆಮನೆಯ ಚಾಪೆಯಲ್ಲಿ ಮಲಗುತ್ತಿದ್ದಳು, ಎಲ್ಲರಿಗಿಂತ ಮೊದಲು ಎದ್ದು ಅಕ್ಕಿ ತೊಳೆಯುತ್ತಿದ್ದಳು, ತೆಂಗಿನಕಾಯಿ ತುರಿಯುತ್ತಿದ್ದಳು, ಬಾಳೆಲೆ ಒರೆಸುತ್ತಿದ್ದಳು. ಬೆಳಗಿನ ಕೆಲಸ ಹೆಚ್ಚಾದಂತೆ ಮರುವರ್ಷವೇ ಶಾಲೆ ನಿಂತಿತು. ಆಮೇಲೆ ವಿನ್‌ಗೆ ಲಿವರಿನ ಕಾಯಿಲೆ ಬಂತು. ಹೆಂಡತಿ ವ್ಯಾಪಾರ ಬಿಡುವಂತಿರಲಿಲ್ಲ, ಸೆನ್‌ಗೆ ಎತ್ತಿ ಕೂರಿಸುವ ತ್ರಾಣವಿರಲಿಲ್ಲ. ಹನ್ನೊಂದು ತಿಂಗಳು ಅವನ ಮೈ ಒರೆಸಿದ್ದು, ಮಗ್ಗುಲು ಬದಲಿಸಿದ್ದು, ವಾಂತಿ ಬಳಿದದ್ದು ಲುವಾ.

ಸಾಯುವ ಮುಂಚೆ ವಿನ್ ಆ ಹುಡುಗಿಯ ಕೈ ಹಿಡಿದು ಏನೋ ಹೇಳಿದ. "ಏನಂದ್ರು?" ಎಂದು ಲಾಯಜ್ಜಿ ಕೇಳಿದಳು. "ನೀರು ಕೇಳಿದ್ರು ಚಿಕ್ಕಮ್ಮ" ಎಂದಳು ಹುಡುಗಿ. ಲಾಯಜ್ಜಿ ಅದನ್ನೂ ನಂಬಲಿಲ್ಲ. ಮನೆ ವಿಷಯ ಏನಾದರೂ ಹೇಳಿದನೋ, ಮಾತು ಕೊಟ್ಟನೋ ಎಂದು ತಲೆಗೆ ಹುಳ ಹೊಕ್ಕಿತು. ಸಾವಿನ ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಹುಡುಗಿಯನ್ನು ಕಾಯ್ ಬೆ ಬಸ್ಸಿಗೆ ಹತ್ತಿಸಿ ಬಂದಳು. ಪಟ್ಟಿಯಿಂದ ಹೆಸರು ತೆಗೆಸಲು ಠಾಣೆಗೆ ಅಲೆಯಬೇಕಿತ್ತು, ಅದೊಂದನ್ನು ಮಾಡಲಿಲ್ಲ.

"ಅವಳನ್ನ ಈಗ ಎಲ್ಲಿ ಅಂತ ಹುಡುಕೋದೇ?" ಎಂದು ಲಾಯಜ್ಜಿ ಮಗಳ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಳು.

ಸೆನ್ ಹೊಲಿಗೆ ನಿಲ್ಲಿಸಲಿಲ್ಲ. "ಹುಡುಕೋದೇನು ಬಂತು. ನಂಬರ್ ಇದೆ ನನ್ನ ಹತ್ರ."

"ನಿನ್ನ ಹತ್ರ ಹೆಂಗೆ ಬಂತು?"

"ಇತ್ತು. ಹೊಸ ವರ್ಷಕ್ಕೆ, ಅಪ್ಪನ ತಿಥಿಗೆ ಫೋನ್ ಮಾಡ್ತಾಳೆ."

"ಎಷ್ಟು ವರ್ಷದಿಂದ? ನನ್ನ ಬೆನ್ನ ಹಿಂದೆ ಏನೇನು ಮಾತಾಡ್ಕೊಂಡಿದ್ದೀರೇ ಇಬ್ರೂ?"

"ಮನೇನ ಚೀಲಕ್ಕೆ ತುಂಬ್ಕೊಂಡು ಓಡಿಹೋಗೋ ಮಾತು!" ಎಂದಳು ಸೆನ್. "ಅಮ್ಮಾ, ನೀನು ನಿನ್ನ ನೆರಳು ಹಿಂದೆ ಬಂದ್ರೂ ಯಾಕೆ ಬಂದೆ ಅಂತ ಕೇಳೋಳು."

ಫೋನಿನಲ್ಲಿ ಲುವಾ ಜಾಸ್ತಿ ಮಾತಾಡಲಿಲ್ಲ. ಗುರುವಾರ ಕಚೇರಿಗೆ ಬರುತ್ತೇನೆಂದಳು. ಕೊನೆಗೆ, "ಮನೆ ಹಂಗೇ ಇದೆಯಾ ಚಿಕ್ಕಮ್ಮ? ಮೇಲೆ ಮಹಡಿ ಎತ್ತಿದ್ರಾ?" ಎಂದು ಕೇಳಿದಳು. ಲಾಯಜ್ಜಿಯ ಕಿವಿ ನೆಟ್ಟಗಾಯಿತು. ಫೋನ್ ಇಟ್ಟವಳೇ, "ನೋಡಿದ್ಯಾ? ಅಳತೆ ಕೇಳ್ತಿದಾಳೆ" ಎಂದಳು.

ಬುಧವಾರ ಮಧ್ಯಾಹ್ನವೇ ಲುವಾ ಬಂದಿಳಿದಳು. ಜೊತೆಗೆ ಗಂಡ ಕಿಯೆನ್, ಕೈಯಲ್ಲಿ ಒಂದು ಬುಟ್ಟಿ ಮಾವಿನಹಣ್ಣು. ಹದಿನೇಳರಲ್ಲಿ ಹೋದ ಹುಡುಗಿ ನಲವತ್ತೊಂದರ ಹೆಂಗಸಾಗಿದ್ದಳು, ಹಪ್ಪಳದಂಥ ಅಕ್ಕಿಹಾಳೆ ಒಣಗಿಸುವ ಕೆಲಸದಲ್ಲಿ ಮುಖವೆಲ್ಲ ಬಿಸಿಲಿಗೆ ಕಂದಿತ್ತು. ಸೆನ್ ಕುಂಟುತ್ತ ಹೋಗಿ ಅವಳನ್ನು ತಬ್ಬಿಕೊಂಡು ಅತ್ತಳು. ಲಾಯಜ್ಜಿ ಕಿಯೆನ್‌ನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನು ಸೂರು ನೋಡಿದ, ಗೋಡೆ ತಟ್ಟಿದ, ಹಿಂದಿನ ಬಾಗಿಲು ತೆರೆದು ಇಣುಕಿದ.

"ಹಿಂದಿನ ಖಾಲಿ ಜಾಗನೂ ಸೇರಿ ಅರವತ್ತಾ ಅಜ್ಜಿ?"

"ನಿಮಗ್ಯಾಕಪ್ಪಾ ಅದು?"

"ಸುಮ್ನೆ ಕೇಳಿದೆ."

ಲುವಾ ಅಡುಗೆಮನೆಗೆ ಹೋಗಿ, ಯಾರನ್ನೂ ಕೇಳದೆ ಲೋಟ ತೆಗೆದು, ನೀರು ಬಗ್ಗಿಸಿಕೊಂಡು ಕುಡಿದಳು. ಒಡತಿಯ ಹಾಗೆ ಓಡಾಡುತ್ತಾಳಲ್ಲ ಎಂದು ಲಾಯಜ್ಜಿಯ ಮೈ ಉರಿಯಿತು. ಹೊರಗೆ ಬಂದ ಲುವಾ ಎದುರಿಗೇ ಕೂತು ನೇರವಾಗಿ ಹೇಳಿದಳು, "ಚಿಕ್ಕಮ್ಮಾ, ಮುಚ್ಚುಮರೆ ಯಾಕೆ. ಇವರು ಪಾಲು ಕೇಳು ಅಂತಾರೆ. ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ. ನಾಳೆ ಕಾಗದದಲ್ಲಿ ಏನು ಬರೆದಿದೆ ನೋಡಿ ಹೇಳ್ತೀನಿ."

ಮಾವಿನಹಣ್ಣು ಹೆಚ್ಚಿ ತಟ್ಟೆಗೆ ಹಾಕಿದ್ದರು. ಲಾಯಜ್ಜಿ ಒಂದು ಹೋಳೂ ಮುಟ್ಟಲಿಲ್ಲ.

ಗುರುವಾರ ನೋಟರಿಯ ಮೇಜಿನ ಮುಂದೆ ನಾಲ್ಕೂ ಜನ ಕೂತರು. ಈಗ ಸಹಿ ಹಾಕುವವರ ಫೋಟೋವನ್ನೂ ತೆಗೆದಿಡಬೇಕಂತೆ, ಒಬ್ಬ ಗುಮಾಸ್ತ ಕ್ಯಾಮೆರಾ ಹಿಡಿದು ನಿಂತಿದ್ದ. ಲಾಯಜ್ಜಿ ಕೊರಳಿಗೆ ಟವೆಲು ಸುತ್ತಿಕೊಂಡಿದ್ದಳು, ರವಿಕೆಯೊಳಗಿನ ಪುಸ್ತಕ ಫೋಟೋದಲ್ಲಿ ಕಂಡೀತೆಂದು. ನೋಟರಿ ಎರಡು ಕಾಗದ ಮುಂದಿಟ್ಟಳು. ಒಂದು ಲುವಾಳ ಹೇಳಿಕೆ, ಇನ್ನೊಂದು ಸೆನ್‌ಗೆ ಮನೆ ಕೊಡುವ ದಾನಪತ್ರ. ಮೊದಲನೆಯದಾಗದೆ ಎರಡನೆಯದಿಲ್ಲ.

ಲುವಾ ಬೆರಳಿಟ್ಟು ನಿಧಾನವಾಗಿ ಓದಿದಳು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"'ನಾನು ಈ ಮನೆಯಲ್ಲಿ ಎಂದೂ ವಾಸವಿರಲಿಲ್ಲ.' ಮೇಡಂ, ಈ ಸಾಲು ಸರಿ ಇಲ್ಲ."

ನೋಟರಿ ತಲೆಯೆತ್ತಿದಳು. "ಅಜ್ಜೀ, ಇವರು ಮನೇಲಿ ಇದ್ರಾ?"

"ಇರ್ಲಿಲ್ಲ," ಎಂದಳು ಲಾಯಜ್ಜಿ. "ಒಂದು ದಿನಾನೂ ಇರ್ಲಿಲ್ಲ."

ಲುವಾ ಬೆಚ್ಚಿಬೀಳಲೂ ಇಲ್ಲ. ಕೈ ಚಾಚಿ, "ಕೊಡಿ ಪೆನ್ನು, ಹಾಕ್ತೀನಿ" ಎಂದಳು.

"ಏಯ್, ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಕಿಯೆನ್ ಅವಳ ಕೈ ಹಿಡಿದ.

ಅಷ್ಟರಲ್ಲಿ ಸೆನ್ ತನ್ನ ಮುಂದಿದ್ದ ದಾನಪತ್ರವನ್ನು ಮೇಜಿನ ಆ ತುದಿಗೆ ತಳ್ಳಿದಳು. "ಅವಳು ಹಾಕಿದ್ರೂ ನಾನು ಹಾಕಲ್ಲ. ನನಗೆ ಬೇಡ ಈ ಮನೆ."

"ಹುಚ್ಚಿ, ನಿನಗೋಸ್ಕರ ಕಣೇ ಇದೆಲ್ಲ!"

"ನನಗೋಸ್ಕರ ಅಂತ ಸುಳ್ಳು ಹೇಳ್ಬೇಡ. ಅಪ್ಪನ ಬೆನ್ನು ಹುಣ್ಣಾದಾಗ ಔಷಧಿ ಹಚ್ಚಿದ್ದು ಯಾರು? ನೀನಾ? ನಾನಾ? ನಾಚಿಕೆ ಆಗಲ್ವಾ ನಿನಗೆ?"

ನೋಟರಿ ಪೆನ್ನು ಕೆಳಗಿಟ್ಟಳು. "ಇದನ್ನ ಕೇಳಿಸ್ಕೊಂಡ್ಮೇಲೆ ಈ ಕಾಗದಕ್ಕೆ ನಾನು ಮೊಹರು ಹಾಕಕ್ಕಾಗಲ್ಲ ಅಜ್ಜಿ. ಸುಳ್ಳು ಹೇಳಿಕೆ ಅಂತ ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ ದಾನಪತ್ರಾನೂ ಬಿದ್ದುಹೋಗತ್ತೆ. ನಿಜ ಹೇಳಿ. ಇದ್ರಾ?"

ಕಿಯೆನ್ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವನ ತುಟಿಯಂಚಿನ ನಗು ಲಾಯಜ್ಜಿಗೆ ಕಂಡಿತು. ನಿಜ ಹೇಳಿದರೆ ಮನೆಯ ನಾಲ್ಕನೇ ಒಂದು ಪಾಲು ಈ ಗೋಡೆ ತಟ್ಟಿದವನ ಬಾಯಿಗೆ. ಹೇಳದಿದ್ದರೆ ಇವತ್ತು ಬರಿಗೈಯಲ್ಲಿ ವಾಪಸು, ತಾನು ಸತ್ತ ಮೇಲೆ ಸೆನ್ ಈ ಪಟ್ಟಿ ಹಿಡಿದು ಒಬ್ಬಳೇ ಅಲೆಯಬೇಕು. ಎರಡು ತಿಂಗಳು ಮಳೆಯಲ್ಲಿ ಕೂತು ಉಳಿಸಿಕೊಂಡ ಜಾಗ. ಎಲ್ಲ ಕಡೆಯಿಂದಲೂ ಕಟ್ಟಿಹಾಕಿಬಿಟ್ಟರಲ್ಲ ಎಂದು ಅವಳಿಗೆ ಅಳು ಬಂತು. ಮಗಳ ಮುಖ ನೋಡಿದಳು. ಸೆನ್ ಅವಳತ್ತ ನೋಡುತ್ತಿರಲಿಲ್ಲ.

"ಇದ್ಳು," ಎಂದಳು ಲಾಯಜ್ಜಿ. "ನಾಲ್ಕು ವರ್ಷ ಇದ್ಳು."

"ನೀವು ಸಾಕಿದ್ರಾ?"

"ಹ್ಞೂಂ. ಸಾಕ್ದೆ. ತಾಯಿ ಬಿಟ್ಟು ಹೋದ್ಲಲ್ಲ, ನಾನೇ ಸಾಕ್ದೆ." ಹೇಳುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಹಾಗಾದ್ರೆ ಲುವಾ ಅವರೂ ಕುಟುಂಬದವರೇ ಆಗ್ತಾರೆ. ಪುಸ್ತಕದಲ್ಲಿ ಅವರ ಹೆಸರೂ ಬರ್ಬೇಕು," ಎಂದು ನೋಟರಿ ಕಂಪ್ಯೂಟರಿನ ಕಡೆ ತಿರುಗಿದಳು.

"ಬೇಡ ಮೇಡಂ, ಹಂಗೆ ಬರೀಬೇಡಿ," ಎಂದಳು ಲುವಾ. "ಇದ್ದೆ ಅನ್ನೋದು ನಿಜ. ಸಾಕಿದ್ದು ಸುಳ್ಳು. ಅಕ್ಕಿ ತೊಳ್ದೆ, ಕಾಯಿ ತುರ್ದೆ, ಕಾಯಿಲೆಯೋರನ್ನ ನೋಡ್ಕೊಂಡೆ. ತಿಂದ ಅನ್ನಕ್ಕೆ ದುಡ್ದಿದ್ದೀನಿ. ಇವರು ನನ್ನ ಸಾಕ್ಲಿಲ್ಲ. ಇದ್ದಿದ್ದು ಇದ್ದ ಹಾಗೇ ಬರೀರಿ, ಸಹಿ ಹಾಕ್ತೀನಿ."

"ಸಾಕಿದ್ರು ಅನ್ನೇ!" ಕಿಯೆನ್ ಎದ್ದು ನಿಂತ. "ಒಂದು ಮಾತು. ಪಾಲು ಬರತ್ತೆ."

"ಪಾಲು ಬರತ್ತೆ ಅಂತ ಇವರನ್ನ ಅಮ್ಮ ಅನ್ನಲಾ?"

ಕಿಯೆನ್ ಕುರ್ಚಿ ಒದ್ದು ಹೊರಗೆ ಹೋಗಿ ಸಿಗರೇಟು ಹಚ್ಚಿದ.

ನೋಟರಿ ಹೊಸ ಕಾಗದ ಸಿದ್ಧಮಾಡಿ ಎಲ್ಲರಿಗೂ ಕೇಳುವಂತೆ ಓದಿದಳು. 'ನಾನು ಈ ಮನೆಯಲ್ಲಿ ನಾಲ್ಕು ವರ್ಷ ಇದ್ದೆನು. ಮನೆಗೆಲಸ ಮಾಡಿದೆನು, ಮನೆಯ ಯಜಮಾನರ ಕೊನೆಯ ಕಾಯಿಲೆಯಲ್ಲಿ ಶುಶ್ರೂಷೆ ಮಾಡಿದೆನು. ಶ್ರೀಮತಿ ಲಾಯ್ ಅವರು ನನಗೆ ರಕ್ತಸಂಬಂಧಿಯಲ್ಲ. ಅವರು ನನ್ನನ್ನು ಸಾಕಿ ಬೆಳೆಸಿಲ್ಲ. ಆದ್ದರಿಂದ ನಾನು ಈ ಕುಟುಂಬದ ಸದಸ್ಯಳಲ್ಲ, ನನಗೆ ಯಾವ ಹಕ್ಕೂ ಇಲ್ಲ.' ಕೆಳಗೆ, 'ಮೇಲಿನದೆಲ್ಲ ನಿಜವೆಂದು ಒಪ್ಪಿರುತ್ತೇನೆ' ಎಂದು ಲಾಯಜ್ಜಿಯ ಸಹಿಗೆ ಜಾಗ.

ಲುವಾ ಸಹಿ ಹಾಕಿದಳು. ಅದನ್ನು ನೋಡಿ ಸೆನ್ ಕಣ್ಣೊರೆಸಿಕೊಂಡು ದಾನಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ಸಲ ಓದಮ್ಮಾ," ಎಂದಳು ಲಾಯಜ್ಜಿ. ನೋಟರಿ ಓದಿದಳು. "ಇನ್ನೊಂದೇ ಒಂದ್ಸಲ." ಅವಳು ಮತ್ತೆ ಓದಿದಳು. ಇಷ್ಟು ಸುಲಭಕ್ಕೆ ಮನೆ ಬಿಟ್ಟುಕೊಡುವವರು ಯಾರಿದ್ದಾರೆ, ಎಲ್ಲೋ ಒಂದು ಕೊಕ್ಕೆ ಇರಲೇಬೇಕು ಎಂದು ಲಾಯಜ್ಜಿ ಒಂದೊಂದು ಪದಕ್ಕೂ ಕಿವಿಯಾದಳು. ಎಲ್ಲೂ ಇರಲಿಲ್ಲ. ಬರೆದದ್ದೆಲ್ಲ ನಿಜವೇ ಆಗಿತ್ತು.

ಅವಳು ಪೆನ್ನು ಹಿಡಿದಳು, ಒಂದಕ್ಷರ ಗೀಚಿ ಕೆಳಗಿಟ್ಟಳು. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟು, ಅವಳ ತೋರುಬೆರಳನ್ನು ಹಿಡಿದು, ಹೆಸರಿನ ಮೇಲೆ ಒತ್ತಿಸಿದ.